ಕಂಡಾಕಿ, ಮಾಡಿದಾಂವ

ಮೊಣಕಾಲು ಮತ್ತೆ ತಾಗಿತು, ತಾಗಿದ್ದೇ ತಡ ಅವನು ಹಿಂದಕ್ಕೆಳೆದುಕೊಂಡ, ಜೀಪಿನ ಹಿಂಬದಿ ಇಷ್ಟು ಇಕ್ಕಟ್ಟಾಗಿದ್ದರೆ ಯಾರ ಮೊಣಕಾಲು ಯಾರಿಗೆ ತಾಗದೆ ಇರುತ್ತದೆ, ಎದುರುಬದುರು ಕೂರಿಸಿಬಿಟ್ಟಿದ್ದಾರೆ, ಆಚೆ ಹಲಗೆಯ ಮೇಲೆ ಅವನು, ಈಚೆ ಹಲಗೆಯ ಮೇಲೆ ತಾನು, ನಡುವೆ ಅಡ್ಡ ಬಿದ್ದಿರುವ ಸ್ಟೆಪ್ನಿ ಟೈರು — ಶೇವಂತಾಬಾಯಿ ಸೆರಗನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಹೊರಗೆ ನೋಡಿದಳು, ತೊಗರಿ ಹೂ ಬಿಟ್ಟಿದೆ, ಈ ವರ್ಷ ಹಳದಿ ತುಸು ಹೆಚ್ಚೇ, ನೋಡುತ್ತ ನೋಡುತ್ತ ಕಣ್ಣು ತಾನಾಗಿಯೇ ಒಳಗೆ ಬಂತು, ಅವನ ಕಿವಿಯ ಕೆಳಗೆ ಬಂದು ನಿಂತಿತು, ಇವತ್ತೇ ಗಡ್ಡ ಕೆರೆಸಿದ್ದಾನೆ, ಬ್ಲೇಡು ತಾಗಿದ ಗುರುತಿದೆ, ಒಣಗಿದ ಒಂದು ಚುಕ್ಕಿ ರಕ್ತ, ಸೆರಗಿನ ತುದಿಯನ್ನು ನಾಲಿಗೆಗೆ ಹಚ್ಚಿ ಒರೆಸಿಬಿಡಬಹುದಿತ್ತು, ಹಾಗೆ ಎಷ್ಟು ಸಲ ಒರೆಸಿಲ್ಲ, ದತ್ತಾತ್ರಿ ಅವಳ ಭಾವನ ಮಗ, ಆದರೆ ಬೆಳೆದದ್ದೆಲ್ಲ ಅವಳ ಮನೆಯಲ್ಲಿ, ಹಡೆಯದ ಅವಳ ಮಡಿಲಲ್ಲಿ, ಅವ್ವ ರೊಟ್ಟಿ ಬಡಿದಿಟ್ಟರೆ ಮುಟ್ಟುತ್ತಿರಲಿಲ್ಲ, ಕಾಕಿ ಬಡಿಲಿ, ಕಾಕಿ ರೊಟ್ಟಿ ಉಬ್ಬತೈತಿ ಎನ್ನುತ್ತಿದ್ದ, ಅದೇ ಬಾಯಿ ಈಗ ಎದುರಿಗಿದೆ, ತುಟಿ ಕಚ್ಚಿಕೊಂಡು ಟೈರು ನೋಡುತ್ತಿದೆ, ಅವಳೊಂದಿಗೆ ಆ ಬಾಯಿ ಮಾತಾಡದೆ ಒಂಬತ್ತು ವರ್ಷವಾಯಿತು.

ಮುಂದೆ ಡ್ರೈವರನ ಪಕ್ಕ ಕೂತ ಪಂಚಾಯ್ತಿ ಅಧ್ಯಕ್ಷ ಮಹೇಶಕುಮಾರ ದಾರಿ ಹೇಳುತ್ತಿದ್ದಾನೆ, ಹುಮನಾಬಾದಿನ ದಾರಿ ಡ್ರೈವರನಿಗೆ ಗೊತ್ತಿಲ್ಲವೇ, ಆದರೂ ಹೇಳುತ್ತಾನೆ, ಸುಮ್ಮನೆ ಕೂತರೆ ಹಿಂದಿನವರ ಮೌನ ಕೇಳಿಸುತ್ತದಲ್ಲ, ನಡುವಿನ ಸೀಟಿನಲ್ಲಿ ನಾಗನಾಥ ಸರ್, ಕಾಲೇಜಿನಲ್ಲಿ ಪಾಠ ಹೇಳುವವರು, ಬಸವಕಲ್ಯಾಣದಲ್ಲಿ ಸಮಿತಿ ಕಟ್ಟಿಕೊಂಡು ಎರಡು ವರ್ಷದಿಂದ ಊರಿಗೆ ಎಡತಾಕಿದವರು, ಒಳ್ಳೆಯ ಮನುಷ್ಯ, ಮಾತಿಗೊಮ್ಮೆ ತಾಯಿ ಅನ್ನುತ್ತಾರೆ, ಶಾಂತಿ ಅನ್ನೂದು ಒಂದ ದಿನದ ಸಭಾ ಅಲ್ಲ ತಾಯಿ, ಅದು ದಿನಾ ಮಾಡೂ ಕೆಲಸ, ಎಂದು ಅವಳ ಕಟ್ಟೆಯ ಮೇಲೆ ಕೂತು ಹೇಳಿದ್ದರು, ಅವಳು ಆಗ ಕಾಳು ಕೇರುತ್ತಿದ್ದಳು, ಹೌದ್ರಿ ಎಂದಿದ್ದಳು, ಮಾತಿಗೆ ಒಪ್ಪಿಯಲ್ಲ, ತನ್ನ ಕಟ್ಟೆಯ ಮೇಲೆ ಮನುಷ್ಯರೊಬ್ಬರು ಕೂತು ಬಹಳ ದಿನವಾಗಿತ್ತು, ಏಳುವುದು ಬೇಡ ಎಂದು. ಅವರೇ ಕೊನೆಗೆ ಆ ಸುದ್ದಿ ತಂದರು, ಗೋಡೆಯಾಚೆಯ ಮನೆಯಲ್ಲಿದ್ದು ಊರು ಬಿಟ್ಟು ಹೋದ ಹಜಿರಾ ಬೀ ಫೋನಿನಲ್ಲಿ ಹೇಳಿದಳಂತೆ, ಊರಿಗೆ ಬರೂದು ಬಿಡೂದು ಆಮ್ಯಾಲ ನೋಡೂಣ್ರಿ ಸರ್, ಮೊದಲ ಕರ್ಯಾಕ ಬರಬೇಕಲ್ಲ, ಯಾರರ ಬಂದ್ರ ನಡ್ಯಂಗಿಲ್ಲ, ಕಂಡಾಕಿ ಬರ್ಲಿ, ಮಾಡಿದಾಂವ ಬರ್ಲಿ, ಇಬ್ಬರೂ ಒಂದ ಗಾಡ್ಯಾಗ ಬರ್ಲಿ. ಕಂಡಾಕಿ ಎಂದರೆ ಶೇವಂತಾಬಾಯಿ, ಹೆಸರು ಹೇಳದಿದ್ದರೂ ಊರಿಗೆಲ್ಲ ತಿಳಿಯಿತು, ಮಾಡಿದಾಂವ ಯಾರೆಂಬುದೂ ತಿಳಿಯಿತು, ಆದರೆ ಅದನ್ನು ಬಾಯಿಬಿಟ್ಟು ಯಾರೂ ಅನ್ನಲಿಲ್ಲ, ಒಂಬತ್ತು ವರ್ಷದಿಂದ ಅನ್ನದೇ ಇದ್ದಾರೆ, ಇವತ್ತು ಬೆಳಿಗ್ಗೆ ಅವನೇ ಬಂದು ಜೀಪು ಹತ್ತಿದ, ಯಾರು ಒಪ್ಪಿಸಿದರೋ, ಹೆಂಡತಿ ಸ್ನೇಹಲ ಬಾಗಿಲಲ್ಲಿ ಮಗಳನ್ನು ಎತ್ತಿಕೊಂಡು ನಿಂತಿದ್ದಳು, ಕೂಸು ಕೈ ಬೀಸಿತು, ಅಪ್ಪನಿಗೋ ಜೀಪಿಗೋ.

ಬಸವಕಲ್ಯಾಣದ ಕೋರ್ಟಿನ ಮುಂದೆ ಜೀಪು ನಿಧಾನವಾಗುತ್ತದೆ, ಕರಿ ಕೋಟಿನವರೊಬ್ಬರು ರಸ್ತೆ ದಾಟುತ್ತಿದ್ದಾರೆ, ಇದೇ ಕಟ್ಟಡ, ಇದೇ ಬೇವಿನ ನೆರಳಲ್ಲಿ ಶೇವಂತಾಬಾಯಿ ಕೂತು ಕರೆಯುವುದನ್ನೇ ಕಾಯ್ದಿದ್ದಳು, ಆಚೆ ಬೇವಿನ ಕೆಳಗೆ ಇಡೀ ಊರು, ಈಚೆ ಬೇವಿನ ಕೆಳಗೆ ಅವಳೊಬ್ಬಳೇ, ಒಳಗೆ ವಕೀಲ ಕೇಳುತ್ತಾನೆ, ಈ ದತ್ತಾತ್ರಿ ನಿಮಗ ಏನಾಗಬೇಕು, ಮಗ ಆಗಬೇಕ್ರಿ, ಹಡದೀರೇನು, ಇಲ್ರಿ, ಸಾಕೀರೇನು, ಹೌದ್ರಿ, ಮತ್ತ ಸಾಕಿದ ಮಗನ ಮ್ಯಾಲ ಸುಳ್ಳು ಹೇಳಾಕ ನಿಮಗ ಏನ ಸಿಕ್ಕೈತಿ, ಸುಳ್ಳಲ್ರಿ, ನಾ ಕಂಡೇನಿ, ಎಷ್ಟು ದೂರದಿಂದ ಕಂಡ್ರಿ, ದೂರ ಎಲ್ಲಿಂದ್ರಿ ಸಾಹೇಬ್ರ, ನಮ್ಮಿಬ್ಬರ ಮನಿಗೆ ಒಂದ ಗ್ವಾಡಿ, ಗ್ವಾಡಿ ಮ್ಯಾಲೆ ಕೈ ಇಟಗೊಂಡು ನಿಂತಿದ್ದೆ. ಕಟಕಟೆಯಲ್ಲಿ ನಿಂತ ದತ್ತಾತ್ರಿ ಅವತ್ತೂ ಹೀಗೆಯೇ ನೆಲ ನೋಡುತ್ತಿದ್ದ, ನಾ ಅಲ್ಲಿ ಇರಲೇ ಇಲ್ರಿ ಎಂದ, ಪಕ್ಕದೂರು ಮುಡಬಿಯೊಳಗಿದ್ದೆ ಎಂದ, ಊರಿನವರು ಒಬ್ಬರಾದ ಮೇಲೊಬ್ಬರು ಬಂದು ಅಂವ ಮುಡಬಿಯೊಳಗಿದ್ದ ಎಂದರು, ಅವಳೊಬ್ಬಳೇ ಕಂಡೇನಿ ಎಂದಳು, ಧೈರ್ಯ ಎಂದು ನಾಗನಾಥ ಸರ್ ಹೇಳುತ್ತಾರೆ, ಎಲ್ಲಿಯ ಧೈರ್ಯ, ಅವಳಿಗೆ ತಿಳಿಯದು, ಕಂಡದ್ದನ್ನು ಕಂಡಿಲ್ಲ ಎನ್ನಲು ಬಾಯಿ ತೆರೆದಳು, ಬಾಯಿಂದ ಬೇರೆಯದೇ ಬಂತು, ಅಷ್ಟೇ.

ಗುಡ್ಡದ ಮೇಲಿನ ಬಸವಣ್ಣ ಹಿಂದೆ ಸರಿದ, ಬಣ್ಣ ಕಾಣದ ಹೊಸ ಲಾರಿಗಳು ಸಾಲಾಗಿ ನಿಂತಿವೆ, ಕಬ್ಬಿಣದ ಹೊಡೆತ, ವೆಲ್ಡಿಂಗಿನ ಕಿಡಿ — ಕಿಡಿ ಕಂಡದ್ದೇ ಕಣ್ಣು ಮುಚ್ಚಿಕೊಂಡಳು, ಮುಚ್ಚಿದ ಕಣ್ಣೊಳಗೆ ಆ ಮಧ್ಯಾಹ್ನ ಬಂದು ನಿಂತಿತು, ಅದಕ್ಕಿಂತ ಮೊದಲು ಮೆರವಣಿಗೆ, ಬ್ಯಾಂಡು, ಮಸೀದಿಯ ಮುಂದೆ ಅದು ಮುಂದಕ್ಕೆ ಹೋಗದೆ ನಿಂತದ್ದು, ಯಾರದೋ ಮೊಬೈಲಿನಲ್ಲಿ ಎಂಥದೋ ಫೋಟೊ ಬಂದಿದೆಯೆಂದು ಗುಲ್ಲಾದದ್ದು, ಬೈಗುಳ, ತಳ್ಳಾಟ, ಆಮೇಲೆ ಎರಡೂ ಕಡೆಯಿಂದ ಕಲ್ಲು, ಒಂದು ಕಲ್ಲು ಮಚ್ಚೇಂದ್ರನ ಕಣತಲೆಗೆ ಬಿತ್ತು, ದತ್ತಾತ್ರಿಯ ತಮ್ಮ ಮಚ್ಚೇಂದ್ರ, ಮೀಸೆ ಈಗಷ್ಟೇ ಮೂಡುತ್ತಿದ್ದವನು, ಮುಂದಿನ ಸಾಲಿನಲ್ಲಿ ಕುಣಿಯುತ್ತಿದ್ದವನು ಕುಂತೇಬಿಟ್ಟ, ಕಲಬುರಗಿಯ ದವಾಖಾನೆಯಲ್ಲಿ ಮೂರನೆಯ ದಿನ ಹೋದ, ಹೋದ ಸುದ್ದಿ ಹೆಣಕ್ಕಿಂತ ಮೊದಲು ಊರಿಗೆ ಬಂತು, ಬರುತ್ತಲೇ ನಾಲ್ಕು ಮುಸಲ್ಮಾನ ಮನೆಯವರು ಹಿತ್ತಲಿನಿಂದ ಹಾರಿ ಹೊಲ ಹಿಡಿದು ಓಡಿದರು, ಹಜಿರಾ ಬೀ ಗೋಡೆಯ ಆಚೆಯಿಂದ ಒಮ್ಮೆ ತಿರುಗಿ ನೋಡಿದಳು, ಎಂಟು ವರ್ಷದ ಮಗಳು ಗಜಾಲಾ ಕಂಕುಳಲ್ಲಿ, ಗಂಡ ಹುಸೇನ ಬಾಯಿ ಮೇಲೆ ಟವೆಲ್ಲು ಒತ್ತಿಕೊಂಡು ಮುಂದೆ ಮುಂದೆ, ಅವರ ಹಿಟ್ಟಿನ ಗಿರಣಿಯ ಬೆಲ್ಟು ಇನ್ನೂ ತಿರುಗುತ್ತಿತ್ತು, ನಿಲ್ಲಿಸಲೂ ಪುರುಸೊತ್ತಿಲ್ಲದೆ. ಆಮೇಲೆ ಗಿರಣಿಯ ಡೀಜೆಲ್ ಕ್ಯಾನನ್ನೇ ಹಿಡಿದುಕೊಂಡು ಒಬ್ಬ ಬಂದ, ಶೇವಂತಾಬಾಯಿ ಗೋಡೆಯ ಮೇಲೆ ಕೈಯಿಟ್ಟು ನಿಂತಿದ್ದಳು, ದತ್ತೂ ಎಂದಳು, ಅವನು ನೋಡಿದ, ಆ ಕಣ್ಣಲ್ಲಿ ಅವಳು ಇರಲಿಲ್ಲ, ತಮ್ಮನೊಬ್ಬನೇ ಇದ್ದ.

ಸಸ್ತಾಪುರದ ಹತ್ತಿರ ದೊಡ್ಡ ರಸ್ತೆಗೆ ಬಂದದ್ದೇ ಜೀಪು ಓಡತೊಡಗಿತು, ಗಾಳಿ ನುಗ್ಗಿ ಸೆರಗು ಹಾರಿತು, ಹಿಡಿದುಕೊಂಡಳು, ಹಿಡಿದುಕೊಳ್ಳುವುದೊಂದು ಅಭ್ಯಾಸವಾಗಿಬಿಟ್ಟಿದೆ, ತನ್ನನ್ನು ತಾನು, ಚಂದ್ರಭಾಗಾ ಬಾಗಿಲಿಗೆ ಬಂದು ನಿಂತ ದಿನದಿಂದ — ಚಂದ್ರಭಾಗಾ ಅವಳ ನೆಗೆಣ್ಣಿ, ದತ್ತಾತ್ರಿಯ ಅವ್ವ, ಶಿಕ್ಷೆಯಾದ ದಿನ ಕೂದಲು ಕೂಡ ಕಟ್ಟಿಕೊಳ್ಳದೆ ಬಂದಳು, ಒಳಗೆ ಬರಲಿಲ್ಲ, ಹೊಸ್ತಿಲ ಆಚೆಯೇ ನಿಂತು ಮೆಲ್ಲಗೆ ಹೇಳಿದಳು, ಕಿರುಚಿದ್ದರೆ ಚೆನ್ನಾಗಿತ್ತು, ನನ್ನ ಒಬ್ಬ ಮಗನ್ನ ಕಲ್ಲು ತಿಂತು ಶೇವಂತಾ, ಇನ್ನೊಬ್ಬನ್ನ ನೀ ತಿಂದಿ, ಅಷ್ಟು ಹೇಳಿ ಹೋದಳು, ಹೋದವಳು ಸಾಯುವವರೆಗೆ ಮತ್ತೆ ಈ ಬಾಗಿಲ ಕಡೆ ಮುಖ ಮಾಡಲಿಲ್ಲ, ಊರು ಆ ಮಾತನ್ನು ಎತ್ತಿಕೊಂಡಿತು, ಬಡಿಯಲಿಲ್ಲ, ಬೈಯಲಿಲ್ಲ, ಬರೀ ಬಿಟ್ಟಿತು, ಕಳೆ ತೆಗೆಯಲು ಹೆಣ್ಣುಮಕ್ಕಳನ್ನು ಕೂಗುತ್ತ ಬರುವವಳು ಅವಳ ಬಾಗಿಲು ದಾಟಿ ಮುಂದಿನ ಬಾಗಿಲಲ್ಲಿ ಕೂಗಿದಳು, ಲಗ್ನದ ಅಕ್ಕಿ ಬರಲಿಲ್ಲ, ಸತ್ತ ಸುದ್ದಿ ಬರಲಿಲ್ಲ, ಟಂಟಂ ಆಟೊದಲ್ಲಿ ಅವಳ ಪಕ್ಕದ ಜಾಗ ಖಾಲಿಯಿದ್ದರೂ ಜನ ನಿಂತೇ ಬಂದರು, ಗಂಡ ವೈಜಿನಾಥ ಮೊದಲೇ ಹೋಗಿದ್ದ, ಇದ್ದಿದ್ದರೆ ಅವನೂ ಏನು ಮಾಡುತ್ತಿದ್ದನೋ, ಅಣ್ಣನ ಮಗನೋ ಹೆಂಡತಿಯೋ, ನೋಡಲಿಲ್ಲವಲ್ಲ, ಪುಣ್ಯ. ಒಮ್ಮೊಮ್ಮೆ ಸಂಜೆ ಹೊತ್ತಿಗೆ ಇವತ್ತು ತಾನು ಒಂದು ಮಾತೂ ಆಡಿಲ್ಲ ಎಂದು ನೆನಪಾಗುತ್ತದೆ, ಗಂಟಲು ಹತ್ತಿಕೊಂಡಿರುತ್ತದೆ, ಆಗ ಏನಾದರೂ ಅನ್ನುತ್ತಾಳೆ, ಜ್ವಾಳ, ಸೌದಿ, ಬಾಗಲಾ, ಕಣ್ಣಿಗೆ ಬಿದ್ದುದರ ಹೆಸರು, ಮೊಬೈಲಿಗೆ ಕಂಪನಿಯ ಹೆಣ್ಣುಮಗಳ ಫೋನು ಬರುತ್ತದೆ, ಈ ಹಾಡು ಬೇಕಾದರೆ ಒಂದನ್ನು ಒತ್ತಿ, ಅದು ರಿಕಾರ್ಡು, ಅವಳಿಗೆ ಗೊತ್ತು, ಆದರೂ ಕಡೆಯವರೆಗೆ ಕೇಳುತ್ತಾಳೆ, ಧನ್ಯವಾದಗಳು ಎನ್ನುತ್ತದೆ ಆ ದನಿ, ಆಯ್ತವ್ವಾ ಎನ್ನುತ್ತಾಳೆ.

ಆದರೆ ಅದಕ್ಕಿಂತ ಒಳಗಿನದೊಂದಿದೆ, ಅದನ್ನು ನಾಗನಾಥ ಸರ್‌ಗೂ ಹೇಳಿಲ್ಲ, ಊರು ತನ್ನನ್ನು ಬಿಟ್ಟದ್ದು ತಿಳಿಯುತ್ತದೆ, ಅವರ ಮಗ ಜೈಲಿಗೆ ಹೋದ, ಹಜಿರಾ ಯಾಕೆ ಬಿಟ್ಟಳು, ಇಪ್ಪತ್ತು ವರ್ಷ ಒಂದೇ ಗೋಡೆಯ ಎರಡು ಕಡೆ ಒಲೆ ಉರಿಸಿದವರು, ಈಚೆ ಒಗ್ಗರಣೆ ಹಾಕಿದರೆ ಆಚೆ ಕೆಮ್ಮು ಬರುತ್ತಿತ್ತು, ನೀ ಏನ ಮೆಣಸಿನಕಾಯಿ ಸುಡಾಕತ್ತಿಯೇನ ಶೇವಂತಕ್ಕಾ ಎಂದು ಆಚೆಯಿಂದಲೇ ಕೂಗುತ್ತಿದ್ದವಳು, ಹುಮನಾಬಾದು ಹಿಡಿದು ಕೂತ ಮೇಲೆ ಒಂದು ಫೋನು ಮಾಡಲಿಲ್ಲ, ಒಂದು ಸಲವೂ, ಹುಸೇನ ತೀರಿಕೊಂಡದ್ದು ತಿಳಿದದ್ದು ಸೀರೆ ಮಾರುವವನ ಬಾಯಿಂದ, ಅದೂ ಎರಡು ಹಬ್ಬ ಕಳೆದ ಮೇಲೆ, ಹೋಗಬೇಕೋ ಬೇಡವೋ ಎಂದು ಸೀರೆ ಉಟ್ಟುಕೊಂಡು ಬಸ್‌ಸ್ಟ್ಯಾಂಡಿನವರೆಗೆ ಬಂದಳು, ಬಸ್ಸು ಬಂತು, ಹತ್ತಲಿಲ್ಲ, ಕರೆಯದ ಮನೆಗೆ ಹೇಗೆ ಹೋಗುವುದು. ಇವತ್ತು ಕರೆದಿದ್ದಾಳೆ, ಕಂಡಾಕಿ ಬರ್ಲಿ ಎಂದು ಕರೆದಿದ್ದಾಳೆ, ಶೇವಂತಕ್ಕ ಬರ್ಲಿ ಎನ್ನಲಿಲ್ಲ.

ರಾಜೇಶ್ವರ ದಾಟಿತು, ಮಹೇಶಕುಮಾರ ಹಿಂದೆ ತಿರುಗಿ ಹೇಳಿದ, ನೋಡ್ರಿ, ಮಾತು ನಾನು ಸರ್ ಕೂಡಿ ಆಡ್ತೀವಿ, ನೀವಿಬ್ಬರೂ ಸುಮ್ಮ ಕೈ ಮುಗದು ಕುಂಡ್ರಿ ಸಾಕು, ಹಳೀದೆಲ್ಲ ಕೆದರೂದು ಬ್ಯಾಡ, ಗಿರಣಿ ಒಂದ ಚಾಲೂ ಆದ್ರ ಊರಿಗೆ ಊರ ಕೈ ಮುಗೀತೈತಿ, ಹೆಣ್ಣಮಕ್ಕಳು ಮುಡಬಿತನ ಜ್ವಾಳ ಹೊತ್ತು ಸಾಕಾಗೈತಿ, ಕನ್ನಡ ಸಾಲಿಗೂ ಹುಡುಗರು ಬೇಕಾಗ್ಯಾರ. ದತ್ತಾತ್ರಿ ತಲೆ ಆಡಿಸಿದನೋ ಜೀಪು ಆಡಿಸಿತೋ, ಆಮೇಲೆ ಮೂಗಿಗೆ ವಾಸನೆ ಬಂತು, ಔಷಧ ಮಾಡುವ ಫ್ಯಾಕ್ಟರಿಗಳ ಹುಳಿ ವಾಸನೆ, ಹುಮನಾಬಾದು ಬಂತೆಂದು ಕಣ್ಣಿಗಿಂತ ಮೊದಲು ಮೂಗು ಹೇಳಿತು, ಹೀಗೆ ದಿನವೂ ಉಸಿರಾಡುತ್ತಾಳೆಯೇ ಹಜಿರಾ, ಒಗ್ಗರಣೆಗೇ ಕೆಮ್ಮುತ್ತಿದ್ದವಳು.

ಓಣಿ ಸಣ್ಣದು, ಜೀಪು ಹೊರಗೇ ನಿಂತಿತು, ನಡೆದು ಹೋದರು, ಮುಂದೆ ಇಬ್ಬರು ಮಾತಾಡುತ್ತ, ಹಿಂದೆ ಇಬ್ಬರು ಆಡದೆ, ಚರಂಡಿಯ ಮೇಲೆ ಹಾಸುಗಲ್ಲು, ತಗಡಿನ ಮನೆ, ಬಾಗಿಲಿಗೆ ಹಸಿರು ಪರದೆ, ಪರದೆ ಸರಿಸಿ ನಿಂತವಳನ್ನು ಶೇವಂತಾಬಾಯಿ ಕೂಡಲೇ ಗುರುತಿಸಲಿಲ್ಲ, ಇಷ್ಟು ಸಣ್ಣಗಾಗಿದ್ದಾಳೆ, ಕೂದಲಿಗೆ ಮೆಹಂದಿ ಹಚ್ಚಿ ಕೆಂಪು, ಬರ್ರಿ ಎಂದಳು ಹಜಿರಾ ಬೀ, ಎಲ್ಲರಿಗೂ ಸೇರಿಸಿ, ಬರ್ರಿ, ಒಳಗ ಕುಂಡ್ರಿ, ಚಾಪೆಯ ಮೇಲೆ ಹೊಸ ಚಾದರ, ಚಾದರದ ಮಡಿಕೆಯ ಗೆರೆ ಇನ್ನೂ ಹಾಗೇ ಇದೆ, ಇವರಿಗಾಗಿಯೇ ಹಾಸಿದ್ದು, ಗಜಾಲಾ ಚಹಾ ತಂದಳು, ಕಂಕುಳಲ್ಲಿ ಹೋದವಳು ಅವ್ವನಿಗಿಂತ ಎತ್ತರ, ಮಾತ್ರೆ ಪ್ಯಾಕು ಮಾಡುವ ಕಡೆ ಹೋಗುತ್ತಾಳಂತೆ, ಬಾಗಿಲಲ್ಲಿ ಇರ್ಫಾನ ನಿಂತಿದ್ದಾನೆ, ಹಜಿರಾಳ ಮಗ, ಮಾರ್ಕೆಟ್ಟಿನಿಂದ ನೇರ ಬಂದವನು, ಹುಬ್ಬಿನ ಮೇಲೆಲ್ಲ ತೊಗರಿಯ ದೂಳು, ಒಳಗೂ ಬರುವುದಿಲ್ಲ ಹೊರಗೂ ಹೋಗುವುದಿಲ್ಲ, ದತ್ತಾತ್ರಿಯನ್ನೇ ನೋಡುತ್ತಿದ್ದಾನೆ, ಒಂದೇ ಕ್ಲಾಸಿನಲ್ಲಿ ಕೂತವರು ಇಬ್ಬರೂ, ಒಂದೇ ಸೈಕಲ್ಲಿನ ಮೇಲೆ ನಾರಾಯಣಪುರದ ಗುಡಿಯ ತನಕ ಹೋಗಿ ಮೊಣಕೈ ಒಡೆದುಕೊಂಡು ಬಂದವರು, ಇಬ್ಬರಿಗೂ ಅರಿಶಿನ ಒತ್ತಿದ್ದು ಶೇವಂತಾಬಾಯಿಯೇ.

ಮಹೇಶಕುಮಾರ ಮಾತು ಶುರು ಮಾಡಿದ, ಸರ್ಕಾರದಿಂದ ಮನೆ, ಗಿರಣಿಗೆ ಕರೆಂಟು, ಏನರ ಆದ್ರ ನಾ ಅದೀನಿ, ನಾಗನಾಥ ಸರ್ ನಡುನಡುವೆ ವಿಶ್ವಾಸ ಎಂದರು, ಹಿಂದಿನವರು ಕೂಡಿ ಬಾಳಿದ್ದರು ಎಂದರು, ಹಜಿರಾ ಬೀ ಎಲ್ಲಕ್ಕೂ ಹ್ಞೂಂ ಎನ್ನುತ್ತಿದ್ದಾಳೆ, ಕಣ್ಣು ಶೇವಂತಾಬಾಯಿಯ ಮೇಲೆಯೇ, ನಡುವೆಯೇ ಕೇಳಿದಳು, ಎಡಗಣ್ಣಿಗೆ ಏನಾಗೈತಿ ಶೇವಂತಕ್ಕಾ, ಪೊರಿ ಬಂದೈತಿ, ಆಪರೇಶನ್ ಮಾಡಬೇಕಂತಾರ, ಮಾಡಿಸಿಕೋ ಮತ್ತ, ಜೋಡಿ ಯಾರರ ಬೇಕಂತಾರ ಹಜಿರಾ, ಒಬ್ಬಾಕಿ ಬಂದ್ರ ಕರಕೊಳ್ಳಂಗಿಲ್ಲಂತ. ನಿನ್ನ ನಂಬರ್ ಇತ್ತು ನನ್ನ ಹಂತ್ಯಾಕ, ಎಂದಳು ಹಜಿರಾ, ಮಹೇಶಕುಮಾರನ ಮಾತಿನ ಮೇಲೆಯೇ ತನ್ನ ಮಾತನ್ನಿಟ್ಟು, ಎಲ್ಲರೂ ಕೇಳುವಂತೆ, ನಂಬರ್ ಇತ್ತು, ಮಾಡಲಿಲ್ಲ, ಮೊದಮೊದಲ ಕೇಸು ನಡದಿತ್ತು, ನಾ ಮಾತಾಡಿದ್ರ ಈಕೀನ ಹೇಳಿಕೊಟ್ಟಾಳ ಅಂತಿದ್ರು, ನಿನ್ನ ಸಾಕ್ಷಿ ಹಾಳಾಗತಿತ್ತು, ಆಮ್ಯಾಲ ಕೇಸು ಮುಗೀತು, ಆಗ ಇಷ್ಟ ದಿನ ಮಾಡದಾಕಿ ಈಗ ಹ್ಯಾಂಗ ಮಾಡಲಿ ಅನಸ್ತು, ಅನಕೋತ ಅನಕೋತ ದಿನ ಹೋದ್ವು. ಹೌದು, ದಿನ ಹಾಗೆಯೇ ಹೋಗುತ್ತವೆ, ಶೇವಂತಾಬಾಯಿಗೆ ಏನಾದರೂ ಹೇಳಬೇಕೆನಿಸಿತು, ನಿನ್ನ ಮನೆಯ ಕಡೆಯ ಗೋಡೆಗೂ ನಾನೇ ಮಣ್ಣು ಮೆತ್ತುತ್ತಿದ್ದೇನೆ, ಅದು ಹಸಿಯಾದರೆ ನನ್ನದೂ ಬೀಳುತ್ತದಲ್ಲ, ಅದಕ್ಕೆ, ಎಂದು ಹೇಳಲು ಹೋಗಿ ಸುಮ್ಮನಾದಳು, ನಾಗನಾಥ ಸರ್ ಅದನ್ನು ದೊಡ್ಡ ಮಾತು ಮಾಡಿಬಿಡುತ್ತಾರೆ.

ಆಗ ಹಜಿರಾ ಬೀ ದತ್ತಾತ್ರಿಯ ಕಡೆ ತಿರುಗಿದಳು, ಮೊದಲ ಸಲ, ದತ್ತೂ ಎಂದಳು, ಅವನ ಕುತ್ತಿಗೆಯ ನರ ಅಲುಗಿದ್ದು ಶೇವಂತಾಬಾಯಿಗೆ ಕಂಡಿತು, ನಾ ನಿನಗ ಮನಿ ಸಂಬಂಧ ಏನೂ ಕೇಳಂಗಿಲ್ಲ, ಮನಿ ಅಂದ್ರ ಕಲ್ಲು ಮಣ್ಣು, ಒಂದ ಮಾತು ಕೇಳ್ತೀನಿ, ಅದಕ್ಕ ಕರಿಸೀನಿ, ನಾವು ಓಡೂಮುಂದ ನನ್ನ ಆಡು ಪಡಸಾಲ್ಯಾಗ ಕಟ್ಟಿದ್ದೆ, ಚಾಂದನಿ, ಗಬ್ಬಿತ್ತು, ಬಿಚ್ಚಾಕ ಆಗಲಿಲ್ಲ, ಮಗಳನ್ನ ಎತಗೊಳ್ಳಲೋ ಹಗ್ಗಾ ಬಿಚ್ಚಲೋ, ಮಗಳನ್ನ ಎತಗೊಂಡೆ, ಇಷ್ಟು ವರ್ಷ ದಿನಾ ನನಗ ನಾನ ಹೇಳಿಕೊಂಡೀನಿ, ಅಂವ ಬಿಚ್ಚಿ ಬಿಟ್ಟಿರ್ತಾನ, ನನ್ನ ಕೈಯಾಗ ಅದರ ಹಾಲು ಕುಡದಾಂವ, ಮನಿ ಸುಟ್ಟರೂ ಆಡು ಬಿಚ್ಚಿರ್ತಾನ, ಖರೇ ಹೇಳು, ಬಿಚ್ಚಿದ್ದೇನು. ತಗಡಿನ ಮೇಲೆ ಏನೋ ಟಪ್ಪೆಂದಿತು, ಕಾಗೆಯಿರಬೇಕು, ಹಳೀದು ಕೆದರೂದು ಬ್ಯಾಡ್ರಿ ಎಂದು ಮಹೇಶಕುಮಾರ ಅನ್ನುವಷ್ಟರಲ್ಲಿ ನಾಗನಾಥ ಸರ್ ಅವನ ತೋಳು ಮುಟ್ಟಿದರು, ದತ್ತಾತ್ರಿ ಚಾದರದ ಮಡಿಕೆಯ ಗೆರೆ ನೋಡುತ್ತಿದ್ದಾನೆ, ಹೌದು ಅನ್ನು, ಶೇವಂತಾಬಾಯಿಯ ಒಳಗೆ ಯಾರೋ ಕೂಗಿದರು, ಹೌದು ಅನ್ನು ಮಗನೇ, ಸುಳ್ಳಾದರೂ ಅನ್ನು, ಅವಳಿಗೊಂದು ನಿದ್ದೆ ಬರುತ್ತದೆ, ಕಂಡದ್ದನ್ನೇ ಹೇಳಿದ ಬಾಯಿ ಈಗ ಸುಳ್ಳಿಗೆ ಅಂಗಲಾಚುತ್ತಿದೆಯಲ್ಲ — ಆಡಿನ ವಿಷಯ ಕೋರ್ಟಿನಲ್ಲಿ ಯಾರೂ ಕೇಳಲಿಲ್ಲ, ಕ್ಯಾನು ಯಾವ ಬಣ್ಣ ಎಂದು ಕೇಳಿದರು, ಹೊತ್ತೆಷ್ಟು ಎಂದು ಕೇಳಿದರು, ಗೋಡೆಯ ಆಚೆ ಏನು ಕೇಳಿಸಿತು ಎಂದು ಯಾರೂ ಕೇಳಲಿಲ್ಲ.

ಇಲ್ಲ ಖಾಲಾ, ಎಂದ ದತ್ತಾತ್ರಿ. ಸಣ್ಣವನಿದ್ದಾಗ ಹಜಿರಾಳನ್ನು ಹಾಗೆಯೇ ಕರೆಯುತ್ತಿದ್ದ. ಬಿಚ್ಚಲಿಲ್ಲ, ಕಟ್ಟಿದ್ದು ಕಂಡಿತ್ತು, ಕ್ಯಾನ್ ಕೆಳಗಿಟ್ಟು ಗಂಟಿಗೆ ಕೈ ಹಚ್ಚಿದೆ, ಹಗ್ಗಾ ಎಳದು ಎಳದು ಗಂಟು ಬಿಗದಿತ್ತು, ಹೊರಗ ಹುಡುಗರು ಕೂಗಾಕತ್ತಿದ್ರು, ಏನ ಮಾಡಾಕತ್ತಿ ದತ್ತೂ ಅಂತ, ಆಡು ಬಿಚ್ಚಾಕತ್ತೀನಿ ಅಂತ ಹ್ಯಾಂಗ ಹೇಳಲಿ, ತಮ್ಮ ಸತ್ತಾನ, ಮಂದಿ ನಗ್ತಾರ ಅನಸ್ತು, ಕೈ ಬಿಟ್ಟೆ. ಹಾಗೆಂದು ಬಲಗೈ ಸ್ವಲ್ಪ ಮುಂದೆ ಮಾಡಿದ, ಹೆಬ್ಬೆರಳು ತೋರುಬೆರಳು ಕೂಡಿಸಿ ಗಾಳಿಯಲ್ಲಿ ಏನನ್ನೋ ಸಡಿಲಿಸುವಂತೆ ತಿರುವಿದ, ಹಿಂಗ, ಇಷ್ಟು ಬಿಚ್ಚಿದ್ದೆ, ಇನ್ನೊಂದು ಸ್ವಲ್ಪ ಇತ್ತು. ಹಜಿರಾ ಬೀ ಕಣ್ಣು ಮುಚ್ಚಿದಳು, ಅಳಲಿಲ್ಲ, ಬಹಳ ದಿನ ಎತ್ತಿ ಹಿಡಿದಿದ್ದ ಕೈಯನ್ನು ಕೆಳಗಿಳಿಸಿದವಳ ಹಾಗೆ ಭುಜ ಇಳಿಯಿತು, ಬಾಗಿಲಿಂದ ದನಿ ಬಂತು, ಇರ್ಫಾನನದು, ಕಲ್ಲು ನಾನೂ ಒಗದೀನಿ, ಪೊಲೀಸರ ಮುಂದ ಇಲ್ಲ ಅಂದೆ, ಒಗದೀನಿ, ನಾಕೈದು, ಯಾರ ಕಲ್ಲು ಮಚ್ಚೇಂದ್ರಗ ಬಡೀತು ನನಗ ಗೊತ್ತಿಲ್ಲ ದತ್ತೂ, ನಂದೂ ಇರಬಹುದು, ದಿನಾ ಅದನ್ನ ಹೊತಗೊಂಡು ತಿರಗಾಕತ್ತೀನಿ. ದತ್ತಾತ್ರಿ ತಲೆ ಎತ್ತಿದ, ಈಗ ಏನಾದರೂ ಆಗುತ್ತದೆ ಎಂದು ಶೇವಂತಾಬಾಯಿ ನೆಲಕ್ಕೆ ಕೈಯೂರಿದಳು, ಏನೂ ಆಗಲಿಲ್ಲ, ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು, ಬಹಳ ಹೊತ್ತು, ಆಮೇಲೆ ದತ್ತಾತ್ರಿ ಮೆಲ್ಲಗೆ ಕೇಳಿದ, ಅಂವ ಬಿದ್ದಿದ್ದು ನೀ ಕಂಡೇನು, ಕಂಡೆ, ಎಂದ ಇರ್ಫಾನ, ಕುಂತ ನೋಡು, ಕುಂತಂಗ ಆತು, ನೀರ ಕುಡ್ಯಾಕ ಕುಂತಂಗ.

ಆ ನಂತರದ ಮಾತುಗಳು ಸುಲಭವಾದವು, ಇಷ್ಟು ಸುಲಭವಾಗುತ್ತವೆಂದು ಯಾರಿಗೆ ಗೊತ್ತಿತ್ತು, ಹಜಿರಾ ಬೀ ಹೇಳಿದಳು, ನಾ ಈಗಲೇ ಬರಂಗಿಲ್ಲ, ಗಜಾಲಾಂದು ಕೆಲಸ ಐತಿ ಇಲ್ಲಿ, ಮೊದಲ ಇರ್ಫಾನ ಬಂದು ಗಿರಣಿ ಹೂಡ್ತಾನ, ಮ್ಯಾಲ ತಗಡ ಬೀಳಲಿ, ಒಂದ ಮಳಿಗಾಲ ನೋಡ್ತೀನಿ, ಆಮ್ಯಾಲ ಬರ್ತೀನಿ, ಬಾ ಅಂತ ಮತ್ತ ಕರ್ಯಾಕ ಬರಬ್ಯಾಡ್ರಿ, ನಾನ ಬರ್ತೀನಿ. ಮಹೇಶಕುಮಾರನಿಗೆ ಗಿರಣಿ ಎಂಬ ಒಂದೇ ಮಾತು ಕೇಳಿಸಿತು, ಮೋಟಾರು ಎಷ್ಟು ಹೆಚ್‌ಪಿಯದು ಎಂದು ಅಲ್ಲಿಯೇ ಲೆಕ್ಕಕ್ಕೆ ಕೂತ, ನಾಗನಾಥ ಸರ್ ಚಷ್ಮಾ ತೆಗೆದು ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು, ಬರುವಾಗ ಜೋಡಿಸಿಟ್ಟುಕೊಂಡ ಮಾತೊಂದನ್ನೂ ಆಡಲಿಲ್ಲ, ಶೇವಂತಾಬಾಯಿ ಗೋಡೆಗೆ ಒರಗಿ ಎಲ್ಲರ ಮುಖ ನೋಡಿದಳು, ಒಬ್ಬೊಬ್ಬರದಾಗಿ, ಅಂವ ಅಲ್ಲಿದ್ದ, ಅವನ ಬಾಯಿಂದಲೇ ಬಂತು, ಅಂವ ಮುಡಬಿಯೊಳಗಿರಲಿಲ್ಲ, ತಾನು ಸುಳ್ಳು ಹೇಳಿರಲಿಲ್ಲ, ಒಂಬತ್ತು ವರ್ಷ ಊರೆಲ್ಲ ಸುಳ್ಳು ಮಾಡಿದ ಮಾತು ಖರೆಯಾಯಿತು, ಯಾರಾದರೂ ಈಗ ಇತ್ತ ತಿರುಗುತ್ತಾರೆ ಎಂದು ಕಾದಳು, ಮುಡಬಿಯಲ್ಲಿದ್ದ ಎಂದು ಕೋರ್ಟಿನಲ್ಲಿ ಕೈ ಎತ್ತಿ ಹೇಳಿದವರಲ್ಲಿ ಮಹೇಶಕುಮಾರನೂ ಒಬ್ಬ, ಅವನು ಈಗ ತಗಡಿನ ಅಳತೆ ಕೇಳುತ್ತಿದ್ದಾನೆ, ಹತ್ತು ಫೂಟಿನದೋ ಹನ್ನೆರಡು ಫೂಟಿನದೋ, ಯಾರೂ ತಿರುಗಲಿಲ್ಲ, ಬೇಕೆಂದು ಮಾಡಿದ್ದಲ್ಲ, ನೆನಪಿಗೇ ಬರಲಿಲ್ಲ ಅವರಿಗೆ, ಊರು ಕೂಡುವಾಗ ಕಂಡವಳ ಕೆಲಸ ಮುಗಿದಿರುತ್ತದೆಯೋ ಏನೋ, ಹೊರಡುವಾಗ ಹಜಿರಾ ಮಾತ್ರ ಮೊಣಕೈ ಹಿಡಿದಳು, ಆಪರೇಶನ್ ಯಾವಾಗಂತ ಹೇಳು, ನಾ ಬರ್ತೀನಿ ಜೋಡಿ, ಎಂದಳು, ಅವಳ ಕೈ ಒರಟಾಗಿತ್ತು, ಬೆಚ್ಚಗಿತ್ತು, ಬಿಟ್ಟ ಮೇಲೂ ಆ ಜಾಗ ಬೆಚ್ಚಗೇ ಇತ್ತು, ಓಣಿಯ ತುದಿಯವರೆಗೆ, ಆಮೇಲೆ ಆರಿತು.

ಈಗ ಜೀಪು ಬಂದ ದಾರಿಯಲ್ಲೇ ತಿರುಗಿ ಓಡುತ್ತಿದೆ, ಬಿಸಿಲು ಈ ಕಡೆಯಿಂದ ಬೀಳುತ್ತಿದೆ, ಮುಂದೆ ಮಹೇಶಕುಮಾರ ಯಾರಿಗೋ ಫೋನಿನಲ್ಲಿ, ಹ್ಞಾಂ ಒಪ್ಪ್ಯಾರ, ಹ್ಞಾಂ ಎಲ್ಲಾ ಸುಸೂತ್ರ, ಸಾಹೇಬ್ರಿಗೆ ಹೇಳ್ರಿ, ಕಬ್ಬಿನ ಟ್ರ್ಯಾಕ್ಟರು ಅಡ್ಡ ಬಂತು, ಹಾರನ್ನು, ಇನ್ನು ಆಚೆ ಮನೆಯಲ್ಲಿ ಬೆಲ್ಟು ತಿರುಗುತ್ತದೆ, ಹಿಟ್ಟಿನ ವಾಸನೆ ಬರುತ್ತದೆ, ಇರ್ಫಾನ ಕೂಗುತ್ತಾನೆ, ಹೆಣ್ಣುಮಕ್ಕಳು ಡಬ್ಬಿ ಹಿಡಿದು ಸಾಲು ನಿಲ್ಲುತ್ತಾರೆ, ತಾನೂ ನಿಲ್ಲಬೇಕು, ಸಾಲಿನಲ್ಲಿ ತನ್ನ ಮುಂದಿನವಳು ಸರಿದು ನಿಲ್ಲುತ್ತಾಳೋ, ಮಾತಾಡಿಸುತ್ತಾಳೋ, ಊರು ಅವರನ್ನು ಕರೆಯಲು ಜೀಪು ಮಾಡಿಕೊಂಡು ಹೋಯಿತು, ತನ್ನ ಬಾಗಿಲಿಗೆ ಬರಲು ಜೀಪೂ ಬೇಕಾಗಿಲ್ಲ, ನಾಲ್ಕು ಹೆಜ್ಜೆ — ಕಾಕಿ, ಎಂದಿತು ಒಂದು ದನಿ. ಟೈರಿನ ಆಚೆಯಿಂದ. ಅವಳು ತಿರುಗಲಿಲ್ಲ, ತಪ್ಪಿ ಕೇಳಿಸಿರಬಹುದು, ಗಾಳಿ ಬಹಳ, ಕಾಕಿ, ಎಂದು ಮತ್ತೆ, ಗಾಳಿಯಷ್ಟೇ ಕೆಳಗಿನ ದನಿ, ನಿನಗ ಕೇಳಸ್ತಿತ್ತೇನು, ಆಡು. ಏನು ಹೇಳುವುದು ಎಂದು ಅವಳು ಯೋಚಿಸಲಿಲ್ಲ, ಕೋರ್ಟಿನಲ್ಲಿಯೂ ಯೋಚಿಸಿರಲಿಲ್ಲ, ಕೇಳಸ್ತಿತ್ತಪ್ಪಾ, ಎಂದಳು, ಭಾಳ ಹೊತ್ತು ಕೇಳಸ್ತಿತ್ತು. ಅವನು ಮುಖ ಹೊರಗೆ ಮಾಡಿದ, ಅವಳೂ ಹೊರಗೆ ನೋಡಬೇಕೆಂದಿದ್ದಳು, ತೊಗರಿ, ರಸ್ತೆ, ಬೇರೆ ಏನಾದರೂ, ಆದರೆ ಅವನ ಬಲಗೈ ಮೊಣಕಾಲ ಮೇಲಿತ್ತು, ಹೆಬ್ಬೆರಳು, ತೋರುಬೆರಳು, ತಿರುವುತ್ತಿದ್ದವು, ಅವನಿಗೆ ಗೊತ್ತಿರಲಿಲ್ಲ, ತಿರುವುತ್ತಿದ್ದವು, ಉಗುರು ಒಳಗೆ ತೂರಿಸಿ, ಸಡಿಲಿಸಿ, ಮತ್ತೆ ತೂರಿಸಿ, ಅಲ್ಲಿ ಇಲ್ಲದ ಗಂಟು, ಇನ್ನೊಂದು ಸ್ವಲ್ಪ, ಎರಡು ಬೆರಳು, ಇನ್ನೊಂದು ಸ್ವಲ್ಪ, ಎರಡು ಬೆರಳು